ದಾವಣಗೆರೆ ಕಡೆ ಹಳ್ಳಿ ಸ್ಟೇಷನ್ ಯಾಕೆ ಪಾಳು ಬಿದ್ವು?

ಟ್ರೈನ್ ದಿನಾ ಓಡ್ತವೆ, ಹಳ್ಳಿ ಸ್ಟೇಷನ್ ಮಾತ್ರ ಯಾಕೆ ಮುಚ್ಚಿದ್ರು ಅಂತ ಕೇಳಿದೀರ, ಅದಕ್ಕೆ 1889ಕ್ಕೆ ಹೋಗ್ಬೇಕು. ಬೆಂಗಳೂರು–ಹರಿಹರ ಮೀಟರ್‌ಗೇಜ್ (ಸಣ್ಣ ಅಗಲದ ಹಳಿ) ಲೈನ್ ಪೂರ್ತಿ ಆಗಿದ್ದು ಆವಾಗ, ಸದರ್ನ್ ಮರಾಠಾ ರೈಲ್ವೆ ಕಾಲ. ಇದ್ದಿದ್ದು ಒಂದೇ ಹಳಿ, ಎದುರಿಂದ ಗಾಡಿ ಬಂದ್ರೆ ಇನ್ನೊಂದು ಪಕ್ಕಕ್ಕೆ ನಿಲ್ಲಲೇಬೇಕು, ಅದಕ್ಕೇ ಊರು ಎಷ್ಟೇ ಸಣ್ಣದಿದ್ರೂ ಕ್ರಾಸಿಂಗ್‌ಗೆ ಅಂತಾನೇ ಒಂದು ಸ್ಟೇಷನ್ನು, ಅದಕ್ಕೊಬ್ರು ಮಾಸ್ಟ್ರು, ಹಳಿ ಬದಲಿಸೋಕೆ ಪಾಯಿಂಟ್ಸ್‌ಮನ್ನು. ಪ್ಯಾಸೆಂಜರ್ ಆಮೇಲಿನ ಮಾತು! ಮಿಷನ್ನಿಂದ ಕಬ್ಬಿಣದ ಚೆಂಡಿನಂಥ ಟೋಕನ್, ಅಂದ್ರೆ ಮುಂದಿನ ಹಳಿ ಖಾಲಿ ಅನ್ನೋ ಗುರುತು, ತೆಗೆದು, ಚರ್ಮದ ಚೀಲಕ್ಕೆ ಹಾಕಿ, ಬೆತ್ತದ ಬಳೆ ಸಮೇತ ಎತ್ತಿ ಹಿಡಿಯೋರು, ಓಡೋ ಇಂಜಿನ್ನಿಂದ ಬಗ್ಗಿ ಅದನ್ನ ತೋಳಿಗೆ ಸಿಗಿಸ್ಕೊಂಡ್ರೇನೇ ಗಾಡಿ ಮುಂದಿನ ಸ್ಟೇಷನ್ನಿಗೆ ಹೋಗೋ ಹಂಗೆ.

90ರ ದಶಕದಲ್ಲಿ ಬ್ರಾಡ್‌ಗೇಜ್ (ಅಗಲ ಹಳಿ) ಬಂತು, ಆಮೇಲೆ ಬಣ್ಣದ ದೀಪದ ಕಲರ್‌ಲೈಟ್ ಸಿಗ್ನಲ್ಲು, ಹೋಗೋಕೊಂದು ಬರೋಕೊಂದು ಹಳಿ ಇರೋ ಡಬಲ್ ಲೈನು. ಕ್ರಾಸಿಂಗೇ ಬೇಡ ಅಂದ್ಮೇಲೆ ಮೂರು ಪಾಳಿ ಸ್ಟಾಫ್‌ಗೆ ಸಂಬಳ ಯಾಕೆ ಅಂತ ಲೆಕ್ಕ ಹಾಕಿದ್ರು. ಜನಾನೂ ಅಷ್ಟೊತ್ತಿಗೆ ಬಸ್ ಹತ್ತಿಬಿಟ್ಟಿದ್ರು ಬಿಡಿ, ಹೈವೇ ಪಕ್ಕದಲ್ಲೇ ಅಲ್ವಾ.

ಒಂದು ವಿಷ್ಯ, ಸ್ಟೇಷನ್ನನ್ನ ಹಾಲ್ಟ್ (ಗಾಡಿ ಬರೀ ನಿಂತು ಹೋಗೋ ಜಾಗ) ಮಾಡಿದ್ರು ಅಂದ್ರೆ ಮುಚ್ಚಿದ್ದು ಅಂತಲ್ಲ. ಅಲ್ಲಿ ಸಿಗ್ನಲ್, ಮಾಸ್ಟ್ರು ಇರಲ್ಲ, ಕಮಿಷನ್ ಮೇಲೆ ಯಾರಾದ್ರೂ ಟಿಕೆಟ್ ಕೊಡ್ತಾರೆ, ಪ್ಯಾಸೆಂಜರ್ ಗಾಡಿ ಒಂದು ನಿಮಿಷ ನಿಂತು ಹೋಗುತ್ತೆ.