ಚಿಕ್ಕಮ್ಮನ ಹೆಸರಿಗೆ ಬಂದ ಕರೆಂಟ್ ಬಾಕಿ

ಮರೆವಿನ ಕಾಯಿಲೆ ಇರುವ ಚಿಕ್ಕಮ್ಮನ ಹೆಸರಲ್ಲಿ ಸಂಬಂಧಿಕನೊಬ್ಬ ವಿರಾಜಪೇಟೆಯ ಬಾಡಿಗೆ ಮನೆಗೆ ಮೀಟರ್ ಹಾಕಿಸಿ, ಬಿಲ್ ಕಟ್ಟದೆ ಹೋಗಿದ್ದಾನೆ ಅಂದಿರಿ. ಕಂತಿನಲ್ಲಿ ಕಟ್ಟುತ್ತೇವೆ ಅಂತ ಅವರಿಂದ ಸಹಿ ಮಾತ್ರ ಹಾಕಿಸಬೇಡಿ. ಸಾಲ ಒಪ್ಪಿಕೊಂಡ ಹಾಗಾಗುತ್ತದೆ.

ಕರೆಂಟ್ ಕಂಪನಿ ಚೆಸ್ಕಾಂನ ಕಚೇರಿಗೆ ಬರವಣಿಗೆಯಲ್ಲೇ ದೂರು ಕೊಟ್ಟು, ನಿಮ್ಮ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ಬಾಯಿಮಾತು ನಿಲ್ಲಲ್ಲ. ಮೀಟರಿಗೆ ಕೊಟ್ಟ ಮೂಲ ಅರ್ಜಿಯ ನಕಲು ಕೇಳಿ. ಅದರಲ್ಲಿರುವ ಸಹಿ ಯಾರದ್ದು ಅನ್ನೋದೇ ಮುಖ್ಯ ಅಲ್ವಾ? ಡಾಕ್ಟರ್ ಸರ್ಟಿಫಿಕೇಟ್, ಅವರು ಬೇರೆ ಮನೆಯಲ್ಲಿದ್ದರು ಅನ್ನೋದಕ್ಕೆ ದಾಖಲೆ ಜೊತೆಗಿಡಿ.

ಬಾಕಿಗಾಗಿ ಕರೆಂಟ್ ಕಡಿಯುವ ಮುಂಚೆ 15 ದಿನದ ಲಿಖಿತ ನೋಟಿಸ್ ಕೊಡಬೇಕು. 2003ರ ವಿದ್ಯುತ್ ಕಾಯ್ದೆಯ 56ನೇ ಕಲಂ ನೋಡಿ. ಸುಮ್ನೆ ಹೆದರಬೇಡಿ.

ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ವಕೀಲರು ಉಚಿತ. ಫೋನ್ 15100.