"ನಂಗೆ ಆ ತಲೆ ಇಲ್ಲ ಮೇಡಂ" ಅಂದ ಫಿಲಾಸಫಿ ವಿದ್ಯಾರ್ಥಿನಿ

ತುಮಕೂರಲ್ಲಿ ನನ್ನ ಹತ್ರ ಕೌನ್ಸೆಲಿಂಗಿಗೆ ಬರೋರಲ್ಲಿ ಜಾಸ್ತಿ ಪಿಯುಸಿ, ನೀಟ್ ಮಕ್ಕಳು, ಇಲ್ಲಾ ಅವರ ಅಪ್ಪ ಅಮ್ಮ. ಫಿಲಾಸಫಿಲಿ ಪಿಎಚ್‌ಡಿ ಮಾಡ್ತಿರೋ ಹೆಣ್ಣುಮಗಳು ಬಂದಿದ್ದು ಅಪರೂಪ. ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ, ಗುರುತು ಸಿಗೋ ವಿವರ ಎಲ್ಲಾ ಬದಲಾಯಿಸಿದೀನಿ. ವಯಸ್ಸು ಮೂವತ್ತರ ಆಸುಪಾಸು, ಪುಟ್ಟ ಮಗು ಇದೆ, ಮನೆ ಶಿರಾ ಗೇಟ್ ಕಡೆ, ಯೂನಿವರ್ಸಿಟಿ ಬೇರೆ ಊರಲ್ಲಿ, ದಿನಾ ಟ್ರೈನಲ್ಲಿ ಓಡಾಟ.

ನಿದ್ದೆ ಬರಲ್ಲ, ಸೆಮಿನಾರ್ ಹಿಂದಿನ ರಾತ್ರಿ ಹೊಟ್ಟೆ ಕೆಡತ್ತೆ, ಬಿಟ್ಬಿಡ್ತೀನಿ ಅಂತ ಬಂದಿದ್ರು. ಗಂಡ ಒಳ್ಳೆಯವರೇ, ಇವರ ಒದ್ದಾಟ ನೋಡಕ್ಕಾಗ್ದೆ "ಬಿಎಡ್ ಮಾಡ್ಕೊಂಡು ಹೈಸ್ಕೂಲಿಗೆ ಸೇರ್ಕೋ" ಅಂದಿದ್ರಂತೆ. ಅತ್ತೆ ಮಾತ್ರ "ಸೇರಿದ ಮೇಲೆ ಮುಗಿಸ್ಕೊಂಡೇ ಬಾ ಕಣಮ್ಮ, ಮಗೂನ ನಾನ್ ನೋಡ್ಕೊತೀನಿ" ಅಂದಿದಾರೆ. ಮೊದಲು ಡಾಕ್ಟರ್ ಹತ್ರ ಕಳಿಸಿ ರಕ್ತ, ಥೈರಾಯ್ಡ್ ಎಲ್ಲಾ ಟೆಸ್ಟ್ ಮಾಡಿಸ್ದೆ, ಏನೂ ತೊಂದರೆ ಇರ್ಲಿಲ್ಲ.

ಆಮೇಲೆ ಡಿಪಾರ್ಟ್‌ಮೆಂಟಲ್ಲಿ ಒಂದು ದಿನ ಹೇಗಿರತ್ತೆ ಹೇಳಿ ಅಂದೆ. ಪಾಠ ಮಾಡೋರಲ್ಲಿ ಒಬ್ಬ ಹೆಂಗಸೂ ಇಲ್ಲ. ಕಾರ್ಯಕ್ರಮ ಅಂದ್ರೆ ಪ್ರಾರ್ಥನೆ, ಹೂಗುಚ್ಛ, ಟೀ ಎಷ್ಟು ಅಂತ ಲೆಕ್ಕ ಎಲ್ಲಾ ಇವರದ್ದೇ, ಪೇಪರ್ ಓದೋದು ಬೇರೆಯವರು. ಒಂದು ಸೆಮಿನಾರಲ್ಲಿ ದೇಹ ಬೇರೆ ಆತ್ಮ ಬೇರೆ ಅಂದ ಫ್ರೆಂಚ್ ತತ್ವಜ್ಞಾನಿ ಡೆಕಾರ್ಟ್ ಬಗ್ಗೆ ಚರ್ಚೆ ನಡೀತಿತ್ತಂತೆ, ಇವರು ಎದ್ದು ಆತ್ಮಕ್ಕೆ ಆಕಾರ ತೂಕ ಏನೂ ಇಲ್ಲ ಅಂದ್ಮೇಲೆ ಅದು ಕೈಕಾಲು ಹೇಗೆ ಅಲ್ಲಾಡಿಸತ್ತೆ ಅಂತ ಕೇಳಿದಾರೆ, ಯಾರೂ ತಿರುಗಿ ನೋಡಿಲ್ಲ, ಸ್ವಲ್ಪ ಹೊತ್ತಾದ್ಮೇಲೆ ಒಬ್ಬ ಹುಡುಗ ಅದನ್ನೇ ಕೇಳಿದಾಗ ಗೈಡ್ "ಬಹಳ ಒಳ್ಳೆ ಪ್ರಶ್ನೆ" ಅಂದು ಅರ್ಧ ಗಂಟೆ ಅದರ ಮೇಲೇ ಮಾತಾಡಿದಾರೆ. "ಈ ಪ್ರಶ್ನೇನ 1643ರಲ್ಲೇ ಬೊಹೀಮಿಯಾದ ರಾಜಕುಮಾರಿ ಎಲಿಜಬೆತ್ ಪತ್ರ ಬರೆದು ಡೆಕಾರ್ಟ್‌ಗೇ ಕೇಳಿದ್ಳು ಮೇಡಂ. ನಮ್ಮ ಸಿಲಬಸ್ಸಲ್ಲಿ ಡೆಕಾರ್ಟ್ ಇದಾನೆ, ಅವಳಿಲ್ಲ" ಅಂತ ಹೇಳ್ತಾ ಅತ್ತರು. ಫಿಲಾಸಫಿಲಿ ಲೆಕ್ಚರರ್ ಅರ್ಹತೆಯ ನೆಟ್ ಪರೀಕ್ಷೆ ಪಾಸಾದವರು, ಇಷ್ಟು ಓದ್ಕೊಂಡಿರೋರು, ತಲೆ ಇಲ್ಲ ಅಂತಾರೆ!

ಇಂಥ ಕೇಸಲ್ಲಿ ಕಾನ್ಫಿಡೆನ್ಸ್ ಕಮ್ಮಿ ಅಂತ ಬರ್ಕೊಂಡು ಉಸಿರಾಟದ ವ್ಯಾಯಾಮ ಹೇಳ್ಕೊಟ್ಟು ಕಳಿಸೋದು ಅನ್ಯಾಯ ಅಂತ ನಾನು ಗಟ್ಟಿಯಾಗಿ ನಂಬ್ತೀನಿ. ಮಾತು ಕೇಳಿಸ್ಕೊಳ್ಳದೇ ಇರೋದು ಆ ರೂಮಿನ ಅಭ್ಯಾಸ, ಅದಕ್ಕೆ ಇವರಿಗೆ ಔಷಧಿ ಕೊಟ್ರೆ ಏನು ಪ್ರಯೋಜನ? ಅಮೆರಿಕದಲ್ಲಿ ಸಾರಾ ಜೇನ್ ಲೆಸ್ಲಿ, ಆಂಡ್ರೇ ಸಿಂಪಿಯನ್ ಮತ್ತವರ ಜೊತೆಯವರು ಮಾಡಿ 2015ರಲ್ಲಿ ಸೈನ್ಸ್ ಪತ್ರಿಕೇಲಿ ಬಂದ ಅಧ್ಯಯನದ ಬಗ್ಗೆ ಅವರಿಗೆ ಹೇಳ್ದೆ. ಹುಟ್ಟಿನಿಂದ ಬಂದ ಬುದ್ಧಿ ಇದ್ರೇನೇ ಗೆಲ್ಲೋದು ಅಂತ ಯಾವ ವಿಷಯದವರು ಜಾಸ್ತಿ ನಂಬ್ತಾರೋ ಅಲ್ಲಿ ಪಿಎಚ್‌ಡಿ ಮಾಡೋ ಹೆಂಗಸರು ಕಮ್ಮಿ, ಆ ನಂಬಿಕೆ ಜೋರಾಗಿರೋ ವಿಷಯಗಳಲ್ಲಿ ಫಿಲಾಸಫಿನೂ ಒಂದು. ಬ್ರಿಟನ್ನಲ್ಲಿ 2011ರ ವರದಿ ಪ್ರಕಾರ ಫಿಲಾಸಫಿ ಡಿಗ್ರಿ ಓದೋರಲ್ಲಿ 46% ಹುಡುಗೀರು, ಪರ್ಮನೆಂಟ್ ಪಾಠ ಮಾಡೋರಲ್ಲಿ ಬರೀ 24%. "ಅಂದ್ರೆ ನನ್ನೊಬ್ಬಳ ಕಥೆ ಅಲ್ವಾ" ಅಂದ್ರು, ಅವತ್ತೇ ಮೊದಲ ಸಲ ಸ್ವಲ್ಪ ನೆಟ್ಟಗೆ ಕೂತಿದ್ದು.

ಕಿರುಕುಳ ಏನಾದ್ರೂ ಇದ್ಯಾ ಅಂತ ಬಿಡಿಸಿ ಕೇಳ್ದೆ, ಇರ್ಲಿಲ್ಲ. ಲೈಂಗಿಕ ಕಿರುಕುಳ ಇದ್ದಿದ್ರೆ ದಾರಿ ಬೇರೆ, 2013ರ ಕಾಯ್ದೆ ಪ್ರಕಾರ ಆಂತರಿಕ ಸಮಿತಿಗೆ ಬರವಣಿಗೇಲಿ ದೂರು ಕೊಡ್ಬೇಕಿತ್ತು.

ಇನ್ನು ಕೊಟ್ಟ ಸಲಹೆ. ಬೃಹದಾರಣ್ಯಕ ಉಪನಿಷತ್ತಿನ ಗಾರ್ಗಿ ವಿಷಯ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ವಾದದ ಸಭೇಲಿ ಜಾಸ್ತಿ ಕೇಳಿದ್ರೆ ತಲೆ ಉದುರಿಹೋದೀತು ಅಂತ ಋಷಿ ಯಾಜ್ಞವಲ್ಕ್ಯ ಅಂದಾಗ ಸುಮ್ಮನಾದ ಗಾರ್ಗಿ, ಅದೇ ಸಭೇಲಿ ಮತ್ತೆ ಎದ್ದು ಎರಡು ಪ್ರಶ್ನೆ ಕೇಳ್ತೀನಿ ಅಂತ ಎಲ್ಲರ ಮುಂದೆ ಹೇಳಿಯೇ ಕೇಳ್ತಾಳೆ. ನೀವೂ ಹಾಗೇ ಮಾಡಿ ಅಂದೆ. ಸೆಮಿನಾರ್ ಹಿಂದಿನ ದಿನ ಎರಡೇ ಎರಡು ಪ್ರಶ್ನೆ ಬರೆದು ಗೈಡಿಗೂ ಜೊತೆಯವರಿಗೂ ಮೇಲ್ ಹಾಕಿ, ಆಮೇಲೆ ಯಾರು ಕೇಳಿದ್ರೂ ಅದು ಯಾರದ್ದು ಅಂತ ದಾಖಲೆ ಇರತ್ತೆ. ಜೊತೆಯವರಲ್ಲಿ ನಂಬಿಕಸ್ಥರು ಒಬ್ಬರ ಹತ್ರ ಮುಂಚೆನೇ ಮಾತಾಡ್ಕೊಳ್ಳಿ, ಮಾತು ತೇಲಿಹೋದ್ರೆ "ಇದನ್ನ ಇವರು ಆಗಲೇ ಕೇಳಿದ್ರು" ಅಂತ ಅವರು ಹೇಳ್ಲಿ. ಟೀ, ಪ್ರಾರ್ಥನೆ ಸರದಿ ಮೇಲೆ ಆಗ್ಲಿ ಅಂತ ಗೈಡ್ ಹತ್ರ ಒಬ್ಬರೇ ಇದ್ದಾಗ ಕೇಳಿ, ಜಗಳ ಬೇಡ, ಆದ್ರೆ ನಗ್ತಾ ಹೇಳಿ ತೇಲಿಸಿಬಿಡೋದೂ ಬೇಡ. ಯೂನಿವರ್ಸಿಟಿಗಳಿಗೆ ನಿಯಮ ಮಾಡೋ ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿ ಹೆಣ್ಣುಮಕ್ಕಳಿಗೆ 2 ವರ್ಷ ಹೆಚ್ಚುವರಿ ಅವಧಿ, 240 ದಿನದವರೆಗೆ ಹೆರಿಗೆ ಅಥವಾ ಮಗು ಆರೈಕೆ ರಜೆಗೆ ಅವಕಾಶ ಇದೆ. ಇದು ಇವರಿಗೆ ಯಾರೂ ಹೇಳಿರ್ಲಿಲ್ಲ, ಇದನ್ನ ಕೇಳಿದ್ಮೇಲೆ ಬಿಟ್ಬಿಡೋ ಮಾತೇ ಅರ್ಧಕ್ಕರ್ಧ ಕಮ್ಮಿ ಆಯ್ತು. ಗಂಡನ್ನೂ ಒಂದ್ಸಲ ಕರೆಸಿ ಕೂರಿಸ್ಕೊಂಡೆ, ಪರಿಹಾರ ಹೇಳಕ್ಕೆ ಹೋಗ್ಬೇಡಿ, ಸೆಮಿನಾರ್ ದಿನ ಏನಾಯ್ತು ಅಂತ ಕೇಳಿ ಸಾಕು ಅಂದೆ.

ಈಗ ನಿದ್ದೆ ಪರವಾಗಿಲ್ಲ, ಹೊಟ್ಟೆ ತೊಂದರೆ ಅವಾಗವಾಗ ಇದ್ದೇ ಇದೆ. ಮೇಲ್ ನೋಡಿದ ಗೈಡ್, ಇವರ ಪ್ರಶ್ನೆಯಿಂದಲೇ ಒಂದು ಸೆಮಿನಾರ್ ಶುರು ಮಾಡಿದ್ರಂತೆ, ಎಲಿಜಬೆತ್ ಪತ್ರಗಳ ಮೇಲೆ ಪೇಪರ್ ಬರೀರಿ ಅಂತಾನೂ ಹೇಳಿದಾರೆ. ಸಿಲಬಸ್ ಮಾತ್ರ ಬದಲಾಗಿಲ್ಲ. ರಜೆ ಅರ್ಜಿ ಇನ್ನೂ ಆಫೀಸಲ್ಲೇ ಇದೆ, ಮುಂದಿನ ಭೇಟಿಗೆ ಅದರ ಸ್ವೀಕೃತಿ ಪ್ರತಿ ತಗೊಂಡು ಬರಕ್ಕೆ ಹೇಳಿದೀನಿ.