ಮಾಲಿಸ್ ಮಿಜೆರ್: ಎಲ್ಲಿಂದ ಕೇಳಬೇಕು, ಯಾವುದನ್ನು ಕೊಳ್ಳಬೇಕು

ಪ್ರಶ್ನೆ ಕೇಳಿದವರಿಗೆ ನಮಸ್ಕಾರ. ಉತ್ತರ ಉದ್ದ ಆಗುತ್ತೆ, ಟೀ ಇಟ್ಟುಕೊಂಡು ಕೂತುಕೊಳ್ಳಿ. ನೀವು ಕೇಳಿದ್ದು ಮೂರು ವಿಷಯ. ರೀಲ್ಸ್‌ನಲ್ಲಿ ಜಪಾನಿನ ರಾಕ್ ಬ್ಯಾಂಡ್ ಮಾಲಿಸ್ ಮಿಜೆರ್ ಹಾಡಿನ ತುಣುಕು ಕೇಳಿದ್ದೀರಿ, ಈಗ ಎಲ್ಲಿಂದ ಶುರು ಮಾಡೋದು? ಗಾಯಕ ಗಾಕ್ಟ್ ಬ್ಯಾಂಡ್ ಬಿಟ್ಟ ಮೇಲಿನ ಹಾಡು ಕೇಳುವುದು ದಂಡವಾ? ಜಪಾನಿನಿಂದ ಹಳೇ ಸಿಡಿ, ವಿಡಿಯೋ ತರಿಸಬಹುದಾ?

ಮೊದಲಿಗೆ ಒಂದು ಮಾತು. ಈ ಹೆಸರಿನಲ್ಲಿ ಇದ್ದದ್ದು ಒಂದು ಬ್ಯಾಂಡ್ ಅಲ್ಲ, ಮೂರು ಅಂದುಕೊಳ್ಳಿ. ಹಾಗೆ ಅಂದುಕೊಂಡರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತೆ. 1992ರಲ್ಲಿ ಮಾನ ಮತ್ತು ಕೋಜಿ ಎಂಬ ಇಬ್ಬರು ಗಿಟಾರ್ ವಾದಕರು ಟೋಕಿಯೋದಲ್ಲಿ ಇದನ್ನು ಕಟ್ಟಿದರು. ಬಾಸ್ ಯೂಕಿ. ಡ್ರಮ್ಸ್‌ಗೆ 1993ರಲ್ಲಿ ಕಾಮಿ ಬಂದರು. ಗಾಯಕರು ಮಾತ್ರ ಬದಲಾಗುತ್ತಲೇ ಹೋದರು: ಮೊದಲು ತೆತ್ಸು, 1995ರಿಂದ ಗಾಕ್ಟ್, ಕೊನೆಗೆ ಕ್ಲಾಹಾ. 2001ರ ಡಿಸೆಂಬರ್‌ನಲ್ಲಿ ಬ್ಯಾಂಡ್ ನಿಂತಿತು. ಅವರು ಹೇಳಿದ್ದು 'ಅನಿರ್ದಿಷ್ಟ ವಿರಾಮ' ಅಂತ. ಹೆಸರು ಏನೇ ಇಡಲಿ, ಆಮೇಲೆ ಹೊಸ ಆಲ್ಬಂ ಬರಲಿಲ್ಲ.

ಶುರು ಮಾಡಬೇಕಾದ್ದು 1998ರ ಮಾರ್ಚ್‌ನ 'ಮೆರ್ವೆಯ್' ಆಲ್ಬಂನಿಂದ. ಇದರಲ್ಲಿ ನನಗೆ ಅನುಮಾನವೇ ಇಲ್ಲ. 'ಬೆಲ್ ಏರ್', 'ಒ ರೆವ್ವಾರ್', 'ಗೆಕ್ಕಾ ನೋ ಯಾಸೋಕ್ಯೋಕು' ಮೂರೂ ಅದರಲ್ಲೇ ಇವೆ. ಇಯರ್‌ಫೋನ್ ಹಾಕಿಕೊಂಡು ಕೇಳಿ. ಸಾಮಾನ್ಯ ರಾಕ್ ಬ್ಯಾಂಡ್‌ನಲ್ಲಿ ಒಂದು ಗಿಟಾರ್ ತಾಳ ಹಿಡಿದರೆ ಇನ್ನೊಂದು ಮುಂದೆ ಬರುತ್ತೆ. ಇಲ್ಲಿ ಮಾನ ಒಂದು ದಾರಿ ಹಿಡಿದರೆ ಕೋಜಿ ಇನ್ನೊಂದು ದಾರಿ. ಎರಡೂ ಒಂದನ್ನೊಂದು ಹೆಣೆದುಕೊಂಡು ಹೋಗುತ್ತವೆ. ಯುರೋಪಿನ ಹಳೇ ಶಾಸ್ತ್ರೀಯ ಶೈಲಿಯಾದ ಬರೋಕ್ ಸಂಗೀತದಿಂದ ತಂದದ್ದು ಅದು. ಕೆಳಗೆ ಯೂಕಿಯ ಬಾಸ್ ಕೂಡ ಸುಮ್ನೆ ಕೂರುವುದಿಲ್ಲ, ಅದರದ್ದೇ ಒಂದು ರಾಗ ಇರುತ್ತೆ. ಮೊದಲ ಸಲ ಕೇಳಿದಾಗ ದನಿ ಮಾತ್ರ ಕಿವಿಗೆ ಬೀಳುತ್ತೆ, ಪರವಾಗಿಲ್ಲ. ಎರಡನೇ ಸಲ ದನಿ ಬಿಟ್ಟು ಗಿಟಾರ್ ಹಿಂದೆ ಹೋಗಿ.

ಆದರೆ ಆಲ್ಬಂ ಕೇಳಿ ಅಲ್ಲಿಗೇ ನಿಲ್ಲಬೇಡಿ. ಬರೀ ಸಿಡಿ ಕೇಳಿ ಈ ಬ್ಯಾಂಡ್ ಗೊತ್ತು ಅನ್ನುವುದು, ತಾಳಮದ್ದಳೆ ಕೇಳಿ ಬಂದು ವೇಷ ನೋಡಿದೆ ಅಂದ ಹಾಗೆ. ಇವರದು ನೋಡುವ ಬ್ಯಾಂಡ್. 1998ರ ಜುಲೈನಲ್ಲಿ ಯೊಕೊಹಾಮಾ ಅರೀನಾದಲ್ಲಿ ನಡೆದ ಕಾರ್ಯಕ್ರಮದ ವಿಡಿಯೋ ಇದೆ, ಹೆಸರಿನ ಕೊನೆಯಲ್ಲಿ 'ಲೆಸ್ಪಾಸ್' ಅಂತ ಇರುತ್ತೆ. ಅದನ್ನು ಒಮ್ಮೆ ಪೂರ್ತಿ ನೋಡಿ. ರಂಗಸಜ್ಜಿಕೆ, ವೇಷ, ಮೂಕಾಭಿನಯ ಎಲ್ಲ ಇದೆ. ಕೆಲವು ಹಾಡಿಗೆ ಗಿಟಾರ್ ಕೆಳಗಿಟ್ಟು ಕುಣಿಯುತ್ತಾರೆ. ಮಾನ ಗಂಡಸು, ಆದರೆ ವೇದಿಕೆಯಲ್ಲಿ ಗೊಂಬೆಯಂಥ ಹೆಣ್ಣಿನ ಉಡುಪು. ಮಾತೂ ಆಡುವುದಿಲ್ಲ. ಸಂದರ್ಶನದಲ್ಲಿ ಕೂಡ ಪಕ್ಕದವರ ಕಿವಿಯಲ್ಲಿ ಪಿಸುಗುಟ್ಟುತ್ತಾರೆ, ಅವರು ಅದನ್ನು ಜೋರಾಗಿ ಹೇಳುತ್ತಾರೆ. ಸ್ತ್ರೀವೇಷ ನೋಡಿ ಬೆಳೆದ ನಮ್ಮ ಕರಾವಳಿಯವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣಲಿಕ್ಕಿಲ್ಲ. ಜಪಾನಿನವರಿಗೂ ಗಂಡಸರೇ ಹೆಣ್ಣಿನ ಪಾತ್ರ ಮಾಡುವ ಕಬುಕಿ ನಾಟಕ ಇತ್ತಲ್ಲ.

ಈಗ ಜಗಳದ ವಿಷಯ. ಗಾಕ್ಟ್ ಬಿಟ್ಟದ್ದು 1999ರ ಜನವರಿಯಲ್ಲಿ. ಯಾಕೆ ಅಂತ ಕೇಳಿದರೆ ಒಬ್ಬೊಬ್ಬ ಅಭಿಮಾನಿ ಒಂದೊಂದು ಕಥೆ ಹೇಳುತ್ತಾರೆ. ಕಾಲು ಶತಮಾನ ದಾಟಿದ ಜಗಳ ಅದು, ಹೊಸದಾಗಿ ಬಂದ ನೀವು ಅದರಲ್ಲಿ ಪಕ್ಷ ಹಿಡಿಯುವ ಅಗತ್ಯ ಇಲ್ಲ. ನನಗೆ ಅದಕ್ಕಿಂತ ದೊಡ್ಡ ಪೆಟ್ಟು ಅನ್ನಿಸುವುದು ಅದೇ ವರ್ಷ ಜೂನ್ 21ರಂದು ಕಾಮಿ ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡದ್ದು. ಆರು ತಿಂಗಳೊಳಗೆ ಗಾಯಕನೂ ಇಲ್ಲ, ಡ್ರಮ್ಮರ್ರೂ ಇಲ್ಲ. ಕಾಮಿಯ ಜಾಗಕ್ಕೆ ಅವರು ಕೊನೆವರೆಗೂ ಯಾರನ್ನೂ ಸದಸ್ಯರಾಗಿ ಸೇರಿಸಿಕೊಳ್ಳಲಿಲ್ಲ. ಹೊರಗಿನವರು ಬಂದು ನುಡಿಸಿ ಹೋದರು, ಅಷ್ಟೇ.

ಹಾಗಾಗಿ 2000ದ ಆಗಸ್ಟ್‌ನಲ್ಲಿ ಕ್ಲಾಹಾ ಹಾಡಿ ಬಂದ 'ಬಾರಾ ನೋ ಸೇಯ್ದೋ' ಆಲ್ಬಂ ಕೇಳುವಾಗ ಇದು ಮನಸ್ಸಿನಲ್ಲಿರಲಿ. ಚರ್ಚಿನ ಆರ್ಗನ್, ಸಮೂಹಗಾನ, ಕಪ್ಪು ಬಟ್ಟೆ. 'ಮೆರ್ವೆಯ್'ನ ಬಣ್ಣ, ತಮಾಷೆ ಇದರಲ್ಲಿ ಹುಡುಕಿದರೆ ಸಿಗಲ್ಲ. ಕ್ಲಾಹಾ ಅವರ ದನಿ ಗಾಕ್ಟ್‌ಗಿಂತ ಸಪ್ಪೆ ಅನ್ನುವವರಿದ್ದಾರೆ. ಆದರೆ ಈ ಸಂಗೀತಕ್ಕೆ ಬೇಕಾದ್ದೇ ಅಂಥ ದೂರದ, ಗಂಭೀರ ದನಿ ಅಂತ ನನ್ನ ಅಭಿಪ್ರಾಯ. ಆಲ್ಬಂ ಆಗಿ ನೋಡಿದರೆ ಅಂಚಿನಿಂದ ಅಂಚಿಗೆ ಒಂದೇ ಹದ ಇರುವುದು ಇದರಲ್ಲೇ. ಬೈಯುವವರು ಬೈಯಲಿ. ಗಾಕ್ಟ್ ಇದ್ದಾಗಲೂ 'ಒ ರೆವ್ವಾರ್' ಕಟ್ಟಿದ್ದು ಮಾನ, 'ಗೆಕ್ಕಾ' ಕಟ್ಟಿದ್ದು ಕೋಜಿ. ಅವರಿಬ್ಬರೂ ಕೊನೆವರೆಗೆ ಇದ್ದರಲ್ಲ. ದಂಡ ಹೇಗಾಗುತ್ತೆ? ತೆತ್ಸು ಕಾಲದ 'ಮೆಮ್ವಾರ್' ಆಲ್ಬಂ ಕೊನೆಗೆ ಇಟ್ಟುಕೊಳ್ಳಿ.

ಇನ್ನು ಕೊಳ್ಳುವ ವಿಷಯ. ಆಡಿಯೋ ಸಿಡಿಗೆ ದೇಶದ ಕಟ್ಟುಪಾಡು ಇಲ್ಲ, ಎಲ್ಲಿಯದಾದರೂ ಓಡುತ್ತೆ. ಎಚ್ಚರ ಬೇಕಾದ್ದು ಹಳೇ ಸಿಂಗಲ್‌ಗಳಲ್ಲಿ, ಅಂದರೆ ಒಂದೆರಡು ಹಾಡಿನ ಸಿಡಿಗಳಲ್ಲಿ. ತೊಂಬತ್ತರ ದಶಕದಲ್ಲಿ ಜಪಾನಿನಲ್ಲಿ ಸಿಂಗಲ್‌ಗಳು ಹೆಚ್ಚಾಗಿ ಬರುತ್ತಿದ್ದದ್ದು 8 ಸೆಂಟಿಮೀಟರಿನ ಪುಟ್ಟ ಸಿಡಿಯಲ್ಲಿ, ಉದ್ದನೆಯ ರಟ್ಟಿನ ಕವರಿನಲ್ಲಿ. ಟ್ರೇ ಹೊರಗೆ ಬರುವ ಪ್ಲೇಯರ್ ಆದರೆ ನಡುವಿನ ಚಿಕ್ಕ ಗುಳಿಯಲ್ಲಿ ಇಟ್ಟರೆ ಸಾಕು. ಕಾರಿನ ಸ್ಟೀರಿಯೋ ಥರ ಸಂದಿಯಲ್ಲಿ ತೂರಿಸುವ ಪ್ಲೇಯರ್‌ಗೆ ಮಾತ್ರ ಹಾಕಲೇಬೇಡಿ. ಒಳಗೆ ಸಿಕ್ಕಿಕೊಂಡರೆ ಬಿಚ್ಚಿಸಬೇಕಾಗುತ್ತೆ.

ಡಿವಿಡಿ ಕಥೆ ಬೇರೆ. ಯಾವ ದೇಶದ ಪ್ಲೇಯರ್‌ನಲ್ಲಿ ಓಡಬೇಕು ಅನ್ನುವ 'ರೀಜನ್' ಗುರುತು ಅದಕ್ಕಿರುತ್ತೆ. ಜಪಾನ್ ರೀಜನ್ 2, ನಮ್ಮದು ರೀಜನ್ 5. ನಿಮ್ಮ ಪ್ಲೇಯರ್ 'ಆಲ್ ರೀಜನ್' ಅಲ್ಲದಿದ್ದರೆ ಡಿಸ್ಕ್ ಓಡಲ್ಲ. ಕಂಪ್ಯೂಟರ್ ಡ್ರೈವ್‌ನಲ್ಲಿ ರೀಜನ್ ಬದಲಿಸಬಹುದು, ಆದರೆ ಐದೇ ಸಲ. ಆಮೇಲೆ ಅದು ಕೊನೆಯ ಸಲ ಇಟ್ಟಲ್ಲೇ ನಿಲ್ಲುತ್ತೆ. ಇದಕ್ಕಾಗಿಯೇ ಹಳೇ ಡ್ರೈವ್ ಒಂದನ್ನು ರೀಜನ್ 2ಕ್ಕೆ ಬಿಟ್ಟುಬಿಡುವುದು ಒಳ್ಳೇದು. ವಿಎಚ್‌ಎಸ್ ಕ್ಯಾಸೆಟ್ ಅಗ್ಗಕ್ಕೆ ಸಿಕ್ಕಿತು ಅಂತ ಹಾರಬೇಡಿ. ಅದು ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಯದ್ದು, ನಮ್ಮ ಹಳೇ ವಿಸಿಆರ್‌ಗಳು ಪಾಲ್ ಎಂಬ ಬೇರೆ ಪದ್ಧತಿಯವು. ಮೇಲಾಗಿ ಟೇಪಿಗೆ ಬೂಷ್ಟು ಹಿಡಿದಿರುತ್ತೆ. ಕಿಂಡಿಯಲ್ಲಿ ಬಿಳಿ ಪುಡಿ ಕಂಡರೆ ಮುಗೀತು, ವಿಸಿಆರ್ ಹೆಡ್ ಕೂಡ ಹಾಳಾಗುತ್ತೆ. ಮಂಗಳೂರು, ಸಾಗರದ ಕಡೆ ಇರುವವರಿಗೆ ಮಳೆಗಾಲದಲ್ಲಿ ಇದನ್ನು ಹೇಳಿಕೊಡಬೇಕಾಗಿಲ್ಲ.

ಸೆಕೆಂಡ್ ಹ್ಯಾಂಡ್ ಹುಡುಕಲು ಯಾಹೂ ಆಕ್ಷನ್ಸ್ ಜಪಾನ್, ಮೆರ್ಕಾರಿ, ಸುರುಗಾಯಾ, ಮಂದಾರಕೆ ಎಂಬ ಜಪಾನಿನ ಮಾರಾಟ ತಾಣಗಳನ್ನು ನೋಡಿ. ಬ್ಯಾಂಡ್ ಹೆಸರನ್ನು ಜಪಾನಿ ಲಿಪಿಯಲ್ಲೂ ಹಾಕಿ ಹುಡುಕಿ, ಜಾಸ್ತಿ ಸಿಗುತ್ತೆ. ಅಲ್ಲಿನ ಮಾರಾಟಗಾರರು ಬಹಳಷ್ಟು ಮಂದಿ ನೇರ ಭಾರತಕ್ಕೆ ಕಳಿಸುವುದಿಲ್ಲ. ಬೈಯೀ, ಝೆನ್‌ಮಾರ್ಕೆಟ್ ಥರದ ಮಧ್ಯವರ್ತಿಗಳು ನಿಮ್ಮ ಪರವಾಗಿ ಕೊಂಡು ಕಳಿಸುತ್ತಾರೆ. ಸಿಡಿ ಬೆಲೆ ನೋಡಿ ಖುಷಿಪಡುವ ಮೊದಲು ಅವರ ಶುಲ್ಕ, ಜಪಾನಿನೊಳಗಿನ ಅಂಚೆ, ಇಲ್ಲಿವರೆಗಿನ ಅಂಚೆ, ನಮ್ಮ ಕಸ್ಟಮ್ಸ್ ಎಲ್ಲ ಕೂಡಿಸಿ. ಎಷ್ಟೋ ಸಲ ಸಿಡಿಗಿಂತ ಅಂಚೆಯೇ ದುಬಾರಿ. ಅದಕ್ಕೇ ನಾಲ್ಕಾರು ವಸ್ತು ಒಟ್ಟುಗೂಡಿಸಿ ಒಂದೇ ಪೆಟ್ಟಿಗೆಯಲ್ಲಿ ತರಿಸಿ. ಈ ಗುಂಪಿನಲ್ಲೇ ಪಾಲುದಾರರು ಸಿಗುತ್ತಾರೆ.

ಮಾರುವವರು ಹಾಕಿದ ವಿವರಣೆಯಲ್ಲಿ ಎರಡು ವಿಷಯ ನೋಡಿ. ಪಕ್ಕಕ್ಕೆ ಸುತ್ತಿರುವ ಕಾಗದದ ಪಟ್ಟಿ, ಅಂದರೆ ಓಬಿ, ಇದೆಯಾ? ಮುಂದೆ ಮಾರುವ ಯೋಚನೆ ಇದ್ದರೆ ಅದು ಬೇಕು, ಬರೀ ಕೇಳುವವರಿಗೆ ಬೇಡ. ಓಬಿ ಇಲ್ಲದ್ದು ಅಗ್ಗ. ಇನ್ನೊಂದು, 'ಜಂಕ್' ಅಂತ ಬರೆದಿದ್ದರೆ ಪರೀಕ್ಷೆ ಮಾಡಿಲ್ಲ, ವಾಪಸ್ ತಗೊಳ್ಳಲ್ಲ ಅಂತ ಅರ್ಥ. ಒಡೆದ ಪ್ಲಾಸ್ಟಿಕ್ ಡಬ್ಬಿಗೆ ತಲೆ ಕೆಡಿಸಿಕೊಳ್ಳಬೇಡಿ, ಅದನ್ನು ಇಲ್ಲೇ ಬದಲಿಸಬಹುದು.

ಮತ್ತೆ ಒಟ್ಟಾಗುತ್ತಾರಾ ಅಂತ ಮೇಲೆ ಇನ್ನೊಬ್ಬರು ಕೇಳಿದ್ದಾರೆ. 2018ರ ಸೆಪ್ಟೆಂಬರ್ 8 ಮತ್ತು 9ರಂದು ಟೋಕಿಯೋದ ತೊಯೊಸು ಪಿಟ್‌ನಲ್ಲಿ ಮಾನ, ಕೋಜಿ, ಯೂಕಿ 25ನೇ ವರ್ಷದ ಕಾರ್ಯಕ್ರಮ ಕೊಟ್ಟರು. ಡ್ರಮ್ಸ್‌ಗೆ ಲಾರ್ಕ್ ಆನ್ ಸಿಯೆಲ್ ಎಂಬ ಇನ್ನೊಂದು ಜಪಾನಿ ಬ್ಯಾಂಡ್‌ನಲ್ಲಿದ್ದ ಸಕುರಾ ಬಂದಿದ್ದರು. ಗಾಕ್ಟ್ ಇರಲಿಲ್ಲ. ಕಾದು ಕೂರುವ ಬದಲು ಮಾನ 2002ರಲ್ಲಿ ಶುರು ಮಾಡಿದ 'ಮ್ವಾ ದಿ ಮ್ವಾ' ಬ್ಯಾಂಡ್ ಕೇಳಿ. 'ಬಾರಾ ನೋ ಸೇಯ್ದೋ' ಹಿಡಿಸಿದರೆ ಅದೂ ಹಿಡಿಸುತ್ತೆ.

ನಿಮ್ಮ ಹತ್ತಿರ ಯಾವ ಪ್ಲೇಯರ್ ಇದೆ, ಎಷ್ಟು ಖರ್ಚು ಮಾಡಬಹುದು ಅಂತ ಕೆಳಗೆ ಬರೆಯಿರಿ. ಯಾವ ಪ್ರತಿ ತಗೊಳ್ಳಬೇಕು ಅಂತ ನೋಡಿ ಹೇಳುತ್ತೇನೆ.